ಒಂದೇ ಉಪ್ಪುನೀರು, ಎರಡು ಅರ್ಥ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು: ಸಿಹಿನೀರು ಇದೆಯೇ, ಬರೀ ಉಪ್ಪುನೀರೇ? ಅಲ್ಲಿ ಸಿಹಿನೀರೆಂದರೆ ಕಾವೇರಿ, ಉಪ್ಪುನೀರೆಂದರೆ ಬೋರ್‌ವೆಲ್. ಆ ಬೋರ್‌ವೆಲ್ ನೀರು ನಾಲಿಗೆಗೆ ನಿಜವಾಗಿ ಉಪ್ಪಾಗಿರಬೇಕೆಂದೇನೂ ಇಲ್ಲ. ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಅಷ್ಟಕ್ಕೇ ಅದು ಉಪ್ಪುನೀರು. ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಎಲ್ಲೂರಿನಂಥ ಕರಾವಳಿಯ ಊರಿನಲ್ಲಿ ಅದೇ ಮಾತಿಗೆ ಬೇರೆ ಅರ್ಥವಿದೆ. ಅಲ್ಲಿ ಉಪ್ಪುನೀರೆಂದರೆ ಕಡಲಿನ ಉಪ್ಪು ಸೇರಿದ ನೀರು; ಬಾಯಿಗೆ ಹಾಕಿದರೆ ಗೊತ್ತಾಗುವಂಥದ್ದು.

ಹೆಸರು ಒಂದೇ ಆದರೂ ರೋಗ ಎರಡು. ಮೊದಲನೆಯದಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಪಠ್ಯಪುಸ್ತಕಗಳು ಇದನ್ನು ಗಡಸು ನೀರು ಎನ್ನುತ್ತವೆ. ಎರಡನೆಯದಕ್ಕೆ ಕಾರಣ ಅಡುಗೆ ಉಪ್ಪೇ ಆದ ಸೋಡಿಯಂ ಕ್ಲೋರೈಡ್. ಮೊದಲನೆಯದನ್ನು ವಾಸಿಮಾಡುವ ಯಂತ್ರ ಎರಡನೆಯದಕ್ಕೆ ಏನೂ ಮಾಡದು. ಬೆಂಗಳೂರಿನ ಮನೆಯಲ್ಲಿ ಗುಣ ಕಂಡ ವಾಟರ್ ಸಾಫ್ಟ್‌ನರನ್ನು ಊರಿನ ಹಳೆಯ ಮನೆಗೂ ತಂದು ಕೂರಿಸುವ ಮೊದಲು ಈ ಎರಡು ನೀರುಗಳ ಕಥೆಯನ್ನು ಅರಿಯುವುದು ಒಳ್ಳೆಯದು.

ಕರಾವಳಿಯ ಬಾವಿನೀರು ಮೂಲತಃ ಮೆದು. ಇದಕ್ಕೆ ಕಾರಣ ಕಾಲಡಿಯ ಮುರಕಲ್ಲು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆಯಂತೆ ಕಡಿದು ಬಳಸಬಹುದಾದ್ದರಿಂದ, ಲ್ಯಾಟಿನ್ನಿನ ಇಟ್ಟಿಗೆಯ ಪದದಿಂದಲೇ ಲ್ಯಾಟರೈಟ್ ಎಂಬ ಹೆಸರಿಟ್ಟ. 1807ರಲ್ಲಿ ಅವನ ಪ್ರವಾಸ ವರದಿ ಅಚ್ಚಾಯಿತು. ಲಕ್ಷಾಂತರ ವರ್ಷ ಸುರಿದ ಮಳೆ ಮೂಲ ಶಿಲೆಯಲ್ಲಿದ್ದ ಸುಣ್ಣದಂಶವನ್ನೆಲ್ಲ ಕರಗಿಸಿ ಕಡಲಿಗೆ ಒಯ್ದ ಮೇಲೆ ಕಬ್ಬಿಣ, ಅಲ್ಯೂಮಿನಿಯಂ ಉಳಿದುದೇ ಮುರಕಲ್ಲು. ಇಂದಿನ ಮಳೆ ಅದರ ಮೂಲಕ ಇಳಿಯುವಾಗ ಕರಗಿಸಿಕೊಳ್ಳಲು ಸುಣ್ಣವೇ ಇಲ್ಲ. ಹಾಗಾಗಿ ಬಾವಿಗೆ ಬರುವ ನೀರು ಬಹುಪಾಲು ಮಳೆನೀರೇ. ಕರಾವಳಿಯವರು ಬಾವಿನೀರನ್ನು ‘ಚಪ್ಪೆ’ ಎನ್ನುವಾಗ ಅದರಲ್ಲಿ ದೂರಿಲ್ಲ, ಪ್ರಮಾಣಪತ್ರವಿದೆ.

ಇನ್ನೊಂದು ಸಂಗತಿಯನ್ನೂ ಇದರೊಡನೆ ಇಟ್ಟು ನೋಡಬೇಕು. ಶಹಾಬಾದ್, ಸೇಡಂ, ಬಾಗಲಕೋಟೆಗಳ ಕಡೆ ನೆಲದಲ್ಲಿ ಸುಣ್ಣದ ಕಲ್ಲಿದೆ. ಅಲ್ಲಿ ಸಿಮೆಂಟು ಕಾರ್ಖಾನೆಗಳಿವೆ. ಕರಾವಳಿಯಲ್ಲಿ ಸುಣ್ಣದ ಕಲ್ಲಿಲ್ಲದ ಕಾರಣ ಗೋಡೆಗೂ ವೀಳ್ಯಕ್ಕೂ ಅಳಿವೆಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡಬೇಕಾಯಿತು. ಚಿಪ್ಪಿನ ಸುಣ್ಣದ ಗೂಡು ಮತ್ತು ಮೆದುವಾದ ಬಾವಿನೀರು, ಇವೆರಡೂ ಒಂದೇ ಭೂಗುಣದ ಎರಡು ಮುಖಗಳು.

ಗಡಸುತನ ಮನೆಮಂದಿಯ ಕಣ್ಣಿಗೆ ಬಿದ್ದದ್ದು ಸಾಬೂನಿನಿಂದ. ಅಂಟುವಾಳ, ಸೀಗೆಕಾಯಿಗಳ ನೊರೆಗೆ ಕ್ಯಾಲ್ಸಿಯಂ ಅಡ್ಡಿಯಲ್ಲ. ಸಾಬೂನು ಹಾಗಲ್ಲ, ಅದು ಕ್ಯಾಲ್ಸಿಯಂ ಜೊತೆ ಕೂಡಿ ನೊರೆಯಾಗುವ ಬದಲು ಮೊಸರಿನಂತೆ ಒಡೆದು ಬಟ್ಟೆಗೆ ಅಂಟುತ್ತದೆ. 1916ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ಸಾಬೂನು ಕಾರ್ಖಾನೆ ಶುರುವಾಗಿ ಸಾಬೂನು ಬಚ್ಚಲುಮನೆಯ ವಸ್ತುವಾದಂತೆ, ನೀರಿನ ಜಾತಿಯೂ ಬಯಲಾಗತೊಡಗಿತು. ನಗರಕ್ಕೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಬಂದದ್ದು ಕೆರೆ, ಹೊಳೆಗಳ ನೀರು. ನಗರ ಅದನ್ನು ಮೀರಿ ಬೆಳೆದಾಗ ಬೋರ್‌ವೆಲ್ ಕೊರೆಯುವ ಯಂತ್ರ ಬಂತು. ಗಟ್ಟಿಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಖನಿಜ ಕರಗಿಸಿಕೊಂಡ ಈ ನೀರೇ ಗಡಸು ನೀರು. ಹೊಟ್ಟೆಪಾಡಿಗೆ ಘಟ್ಟ ಹತ್ತಿದ ಉಡುಪಿಯ ಹೋಟೆಲಿನವರಿಗೂ ಇದು ಹೊಸ ಅನುಭವ: ಊರಿನಲ್ಲಿ ಸಲೀಸಾಗಿ ಬೇಯುತ್ತಿದ್ದ ಬೇಳೆಗೆ ಇಲ್ಲಿ ಚಿಟಿಕೆ ಅಡುಗೆ ಸೋಡಾ ಬೇಕು, ಇಡ್ಲಿ ಪಾತ್ರೆಯ ತಳದಿಂದ ಸುಣ್ಣದ ಹಕ್ಕಳೆ ಕೆತ್ತಬೇಕು.

ನೀರನ್ನು ಮೆದುಗೊಳಿಸುವ ವಿದ್ಯೆ ಹುಟ್ಟಿದ್ದು ಎರಡು ದಾರಿಗಳಲ್ಲಿ. 1841ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್, ನೀರಿಗೆ ಸುಣ್ಣ ಬೆರೆಸಿ ಸುಣ್ಣವನ್ನೇ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಳ್ಳನ್ನು ಮುಳ್ಳಿನಿಂದ ತೆಗೆದಂತೆ, ಬೆರೆಸಿದ ಸುಣ್ಣವೂ ಕರಗಿದ್ದ ಸುಣ್ಣವೂ ಒಟ್ಟಿಗೆ ಗಸಿಯಾಗಿ ತಳಕ್ಕಿಳಿಯುತ್ತವೆ. ಊರಿಗೆಲ್ಲ ನೀರು ಕೊಡುವ ದೊಡ್ಡ ತೊಟ್ಟಿಗಳಿಗೆ ಇದು ಸರಿಹೊಂದಿತು, ಮನೆಗಲ್ಲ.

ಮನೆಯ ಯಂತ್ರದ ಮೂಲ ಗೊಬ್ಬರದ ಗುಂಡಿಯಲ್ಲಿದೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಮ್ಸನ್, ಗೊಬ್ಬರದ ಸಾರ ಮಳೆಯಲ್ಲಿ ತೊಳೆದುಹೋಗದಂತೆ ತಡೆಯುವುದು ಹೇಗೆಂದು 1845ರ ಸುಮಾರಿಗೆ ಪರೀಕ್ಷೆಗಿಳಿದ. ಮಣ್ಣಿನ ಮೇಲೆ ಅಮೋನಿಯಂ ಸಲ್ಫೇಟ್ ಸುರಿದರೆ ಕೆಳಗೆ ಇಳಿದು ಬಂದದ್ದು ಕ್ಯಾಲ್ಸಿಯಂ ಸಲ್ಫೇಟ್. ಮಣ್ಣು ಅಮೋನಿಯವನ್ನು ಹಿಡಿದುಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಟ್ಟುಕೊಟ್ಟಿತ್ತು. 1850ರಿಂದ ಜೆ. ಥಾಮಸ್ ವೇ ಇದನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದ. ಈ ಕೊಡುಕೊಳ್ಳುವಿಕೆಯೇ ಅಯಾನು ವಿನಿಮಯ. 20ನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ‘ಪರ್ಮುಟಿಟ್’ ಎಂಬ ಕೃತಕ ಖನಿಜವನ್ನು ನೀರಿಗೆ ಬಳಸಿದ. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಕೃತಕ ರಾಳ ತಯಾರಿಸಿದರು. 1940ರ ದಶಕದಲ್ಲಿ ಅಮೆರಿಕದ ದಲೇಲಿಯೊ ರೂಪಿಸಿದ ಪಾಲಿಸ್ಟೈರೀನ್ ರಾಳದ ವಂಶವೇ ಇಂದಿನ ಸಾಫ್ಟ್‌ನರುಗಳ ಒಳಗಿದೆ. 1964ರಲ್ಲಿ ಇಂಗ್ಲೆಂಡಿನ ಪರ್ಮುಟಿಟ್ ಕಂಪನಿಯ ಅಂಗಸಂಸ್ಥೆಯಾಗಿ ಮುಂಬಯಿಯಲ್ಲಿ ಅಯಾನ್ ಎಕ್ಸ್‌ಚೇಂಜ್ ಕಂಪನಿ ಹುಟ್ಟಿದಾಗ ಈ ವಿದ್ಯೆ ಭಾರತದ ಉದ್ಯಮಗಳ ಕೈಗೆ ಬಂತು.

ಸಾಸಿವೆಗಾತ್ರದ ಈ ರಾಳದ ಹರಳುಗಳು ಮೊದಲಿಗೆ ಸೋಡಿಯಂ ಹೊತ್ತಿರುತ್ತವೆ. ಗಡಸು ನೀರು ಹಾದಾಗ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತವೆ. ತುಂಬಿದ ಮೇಲೆ ಗಟ್ಟಿ ಉಪ್ಪುನೀರಿನಿಂದ ತೊಳೆದರೆ ಕ್ಯಾಲ್ಸಿಯಂ ಚರಂಡಿಗೆ ಹೋಗಿ ಹರಳು ಮತ್ತೆ ಸಜ್ಜಾಗುತ್ತದೆ. ನೀರಿನ ಒಟ್ಟು ಲವಣಾಂಶ ಇದರಿಂದ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ ಅಷ್ಟೆ. ಕಡಲ ಉಪ್ಪಿಗೆ ಈ ಯಂತ್ರ ನಿಷ್ಪ್ರಯೋಜಕವಾಗುವುದು ಇದೇ ಕಾರಣಕ್ಕೆ. ಅದಕ್ಕೆ ಬೇಕಾದದ್ದು ಒತ್ತಡದಿಂದ ಪೊರೆಯ ಮೂಲಕ ನೀರನ್ನು ಸೋಸುವ ಆರ್‌.ಒ. ವಿಧಾನ, ಅದಕ್ಕಿಂತ ಮೊದಲು ಬೇಸಿಗೆಯಲ್ಲಿ ಬಾವಿಯಿಂದ ವಿಪರೀತ ನೀರೆತ್ತದ ಸಂಯಮ.

ಎಲ್ಲೂರಿನ ಮನೆಯೊಂದಕ್ಕೆ ಸಾಫ್ಟ್‌ನರ್ ಬೇಕೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿ. ಮನೆಯಲ್ಲೇ ಒಂದು ಸುಳಿವು ಪಡೆಯಬಹುದು. ಪಾತ್ರೆಯ ಬಿಳಿ ಪೊರೆಯ ಮೇಲೆ ಲಿಂಬೆರಸ ಹಿಂಡಿದರೆ ನೊರೆಗರೆದು ಕರಗಿದರೆ ಅದು ಸುಣ್ಣ. ಬರೀ ನೀರಿಗೇ ಕರಗಿದರೆ ಉಪ್ಪು. ಕಲೆ ಕೆಂಪಗಿದ್ದರೆ ಅದು ಕಬ್ಬಿಣ.

ತೆರೆದ ಬಾವಿಯ ನೀರಾದರೆ ತೊಂದರೆ ಇದಕ್ಕೆ ತದ್ವಿರುದ್ಧವೂ ಆಗಿರಬಹುದು. ಮುರಕಲ್ಲಿನ ಮೆದು ನೀರು ತುಸು ಆಮ್ಲೀಯ; ಅದರ ಪಿ.ಎಚ್. 6.5ಕ್ಕಿಂತ ಕೆಳಗಿಳಿಯುವುದುಂಟು. ಆಗ ಅದು ಕಬ್ಬಿಣದ ಪೈಪನ್ನು ತಿನ್ನುತ್ತದೆ. ಇದಕ್ಕೆ ಪರಿಹಾರ ಅಮೃತಶಿಲೆಯ ಚೂರುಗಳಂಥ ಸುಣ್ಣದ ಪದಾರ್ಥದ ಮೇಲೆ ನೀರು ಹಾಯಿಸುವುದು, ಅಂದರೆ ಗಡಸುತನವನ್ನು ಸ್ವಲ್ಪ ಸೇರಿಸುವುದು! ಆಳದ ಶಿಲೆಗೆ ಇಳಿದ ಬೋರ್‌ವೆಲ್ಲಿನ ಕಥೆ ಬೇರೆ. ಅಲ್ಲಿ ಗಡಸುತನ ನಿಜವಾಗಿ ಹೆಚ್ಚಿದ್ದರೆ ಸಾಫ್ಟ್‌ನರ್ ಉಪಯೋಗಕ್ಕೆ ಬರುತ್ತದೆ.

ಅದರ ಗಾತ್ರದ ಲೆಕ್ಕ ಸುಲಭ. ಐದು ಮಂದಿಯ ಮನೆ ದಿನಕ್ಕೆ 500 ಲೀಟರ್ ಬಳಸಿ, ಗಡಸುತನ 400 ಇದ್ದರೆ, ದಿನಕ್ಕೆ 200 ಗ್ರಾಂ ಸುಣ್ಣದಂಶ ತೆಗೆಯಬೇಕು. ಒಂದು ಲೀಟರ್ ರಾಳ ಸುಮಾರು 50 ಗ್ರಾಂ ಹಿಡಿಯುತ್ತದೆಂದರೆ 20 ಲೀಟರ್ ರಾಳಕ್ಕೆ ಐದು ದಿನಕ್ಕೊಮ್ಮೆ ತೊಳೆತ, ಪ್ರತಿ ಸಲ ಸುಮಾರು 3 ಕಿಲೋ ಉಪ್ಪು. ಗಂಟೆಯ ಲೆಕ್ಕದಲ್ಲಿ ತೊಳೆಯುವ ಯಂತ್ರಕ್ಕಿಂತ ಹರಿದ ನೀರನ್ನು ಅಳೆದು ತೊಳೆಯುವ ಯಂತ್ರ ಉಪ್ಪನ್ನು ಉಳಿಸುತ್ತದೆ. ನೀರಿನಲ್ಲಿ ಕಬ್ಬಿಣವಿದ್ದರೆ ಅದನ್ನು ಮೊದಲೇ ಸೋಸಬೇಕು, ಇಲ್ಲವಾದರೆ ರಾಳಕ್ಕೆ ತುಕ್ಕು ಮೆತ್ತಿ ಅದು ಕೆಲಸ ನಿಲ್ಲಿಸುತ್ತದೆ. ಕ್ಲೋರಿನ್ ಅತಿಯಾದರೂ ರಾಳ ಹಾಳು. ಮಣ್ಣಿಲ್ಲದ ಹರಳುಪ್ಪು ಹಾಕಬೇಕು. ತೊಟ್ಟಿಯಲ್ಲಿ ಉಪ್ಪು ಹೆಪ್ಪುಗಟ್ಟಿದೆಯೇ ಎಂದು ತಿಂಗಳಿಗೊಮ್ಮೆ ಕೋಲಿನಿಂದ ಕೆದಕಿ ನೋಡಬೇಕು. ಕುಡಿಯುವ, ಅಡುಗೆಯ ನಲ್ಲಿಯನ್ನು ಸಾಫ್ಟ್‌ನರಿನ ಹೊರಗಿಡುವುದು ಲೇಸು: ಮೇಲಿನ ಲೆಕ್ಕದಲ್ಲಿ ಪ್ರತಿ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ರಕ್ತದೊತ್ತಡದವರಿಗೆ ಅದು ಬೇಡದ್ದು. ಗಡಸು ನೀರು ಕುಡಿಯುವುದರಿಂದ ಆರೋಗ್ಯಕ್ಕೆ ಕೇಡೆಂದು ವಿಶ್ವ ಆರೋಗ್ಯ ಸಂಸ್ಥೆ ಯಾವ ಮಿತಿಯನ್ನೂ ವಿಧಿಸಿಲ್ಲ.

ಕೊನೆಗೆ, ಯಂತ್ರ ಮಾರುವವರು ಅಪರೂಪಕ್ಕೆ ಹೇಳುವ ಮಾತು. ಮೇಲಿನ ಮನೆ ತಿಂಗಳಿಗೆ ಸುಮಾರು 18 ಕಿಲೋ ಉಪ್ಪು ಬಳಸುತ್ತದೆ. ಅದರ ಕ್ಲೋರೈಡ್ ಪೂರ್ತಿ ಚರಂಡಿಗೇ. ನಗರದಲ್ಲಿ ಅದು ಒಳಚರಂಡಿ ಸೇರಿ ಕಣ್ಮರೆಯಾಗುತ್ತದೆ. ಒಳಚರಂಡಿಯಿಲ್ಲದ ಹಳ್ಳಿಯಲ್ಲಿ ಅದು ಹಿತ್ತಲ ಗುಂಡಿಗೆ ಇಳಿಯುತ್ತದೆ. ಜೇನುಗೂಡಿನಂತೆ ತೂತುತೂತಾದ ಮುರಕಲ್ಲು ಮಳೆನೀರನ್ನು ಎಷ್ಟು ಸಲೀಸಾಗಿ ಬಾವಿಗೆ ಮುಟ್ಟಿಸುತ್ತದೆಯೋ ಈ ಉಪ್ಪನ್ನೂ ಅಷ್ಟೇ ಸಲೀಸಾಗಿ ಮುಟ್ಟಿಸುತ್ತದೆ. ಬೋರ್‌ವೆಲ್ಲಿನ ನೀರನ್ನು ಮೆದುಮಾಡಹೊರಟ ಮನೆ, ಅಂಗಳದ ಚಪ್ಪೆನೀರಿನ ಬಾವಿಯನ್ನೇ ಉಪ್ಪಾಗಿಸಿಕೊಂಡೀತು, ನೆರೆಮನೆಯ ಬಾವಿಯನ್ನೂ. ಇಂಥಲ್ಲಿ ಬಾವಿಯ ನೀರನ್ನೇ ಮನೆಬಳಕೆಗೆ ಇಟ್ಟುಕೊಂಡು, ಬೋರ್‌ವೆಲ್ಲನ್ನು ತೋಟಕ್ಕೆ ಬಿಟ್ಟು, ಮಳೆಗಾಲದಲ್ಲಿ ಮಾಡಿನ ನೀರನ್ನು ಸೋಸಿ ಬಾವಿಗೆ ಇಳಿಸುವುದೇ ಅಗ್ಗದ ಸಾಫ್ಟ್‌ನರ್. ಅದಕ್ಕೆ ರಾಳವೂ ಬೇಡ, ಉಪ್ಪೂ ಬೇಡ.