ನಂಬಿಕೆಯ ಕತ್ತಿ ಎಲ್ಲಿ ಸಿಗುತ್ತದೆ? ನಮ್ಮೂರ ಕುಲುಮೆಗಳ ಚರಿತ್ರೆಯಲ್ಲಿದೆ ಉತ್ತರ

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಅರಸರು 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಇಸವಿಯೂ ಅರಸರ ಹೆಸರೂ ನಮಗೆ ಗೊತ್ತು. ಆದರೆ ಕರಿಕಲ್ಲು ಕೆತ್ತುವ ಉಳಿ ಬೇಗನೆ ಮೊಂಡಾಗುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸಿ, ಬಡಿದು, ಹದ ಕೊಡಲು ಕೆಲಸದ ಹತ್ತಿರವೇ ಕುಲುಮೆ ಬೇಕು. ಆ ಕುಲುಮೆಯಲ್ಲಿ ಬೆಂಕಿಯೆದುರು ಕೂತವರ ಹೆಸರು ನಾವು ಓದಿದ ಪಾಠದಲ್ಲಿ ಇರಲಿಲ್ಲ.

ಈಗ ಆ ಕಸುಬಿನವರ ಅಗತ್ಯ ಬೇರೆ ರೀತಿಯಲ್ಲಿ ನೆನಪಾಗುತ್ತಿದೆ. "ಒಳ್ಳೆ ಕತ್ತಿ ಮಾಡಿಕೊಡುವವರು ಯಾರಾದರೂ ಇದ್ದಾರಾ?" ಎಂಬ ಪ್ರಶ್ನೆ ಬಂಟ್ವಾಳದಲ್ಲೂ ಬೆಳ್ತಂಗಡಿಯಲ್ಲೂ ಕೇಳಿಬರುತ್ತದೆ. ಸಂತೆಯಲ್ಲಿ ಮಿರಮಿರ ಹೊಳೆದ ಕತ್ತಿ ಮನೆಗೆ ತಂದು ನಾಲ್ಕು ದಿನಕ್ಕೆ ಬಾಯಿ ಮಡಚಿದರೆ ಹಣ ಮಾತ್ರ ಹೋಗುವುದಲ್ಲ. ತಾಳೆಮರದ ತುದಿಯಲ್ಲಿರುವ ಮೂರ್ತೆದಾರರಿಗೆ, ಸೊಪ್ಪು ಕಡಿಯಲು ಮರ ಹತ್ತಿದವರಿಗೆ ಜಾರುವ ಕತ್ತಿ, ಹಿಡಿ ಕಳಚುವ ಕತ್ತಿ ಜೀವಕ್ಕೇ ಅಪಾಯ.

ಕತ್ತಿ ಮರಳಿ ಬರುತ್ತಿತ್ತು

ತುಳುವಿನಲ್ಲಿ ಕಬ್ಬಿಣಕ್ಕೆ ಕರ್ಬ ಎನ್ನುತ್ತೇವೆ. ಕರ್ಬದ ಕೆಲಸದ ಆಚಾರಿಗಳು ವಿಶ್ವಕರ್ಮರ ಐದು ಕಸುಬುಗಳಲ್ಲಿ ಒಂದನ್ನು ಹಿಡಿದವರು. ಉಳಿದ ನಾಲ್ಕು ಮರ, ಕಂಚು, ಕಲ್ಲು, ಚಿನ್ನ. ನೇಗಿಲಿನ ಗುಳ, ಹಾರೆ, ಪೈರು ಕೊಯ್ಯುವ ಕತ್ತಿ, ಅಡುಗೆಮನೆಯ ಮೆಟ್ಟುಕತ್ತಿ ಎಲ್ಲವೂ ಒಂದೇ ಕುಲುಮೆಯಿಂದ ಬರುತ್ತಿದ್ದವು. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಕಮ್ಮಾರರು ಹನ್ನೆರಡು ಆಯಗಾರರಲ್ಲಿ ಒಬ್ಬರು. ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆದು ವರ್ಷವಿಡೀ ಊರಿನ ಹತ್ಯಾರು ನೋಡಿಕೊಳ್ಳುತ್ತಿದ್ದರು.

ಈ ವ್ಯವಸ್ಥೆಯಲ್ಲಿ ಪ್ರಾಮಾಣಿಕತೆಗೆ ಬೇರೆ ಪ್ರಮಾಣಪತ್ರ ಬೇಕಿರಲಿಲ್ಲ. ಇಂದು ಮಾಡಿದ ಕತ್ತಿ ಮುಂದಿನ ಮಳೆಗಾಲದ ಮೊದಲು ಅದೇ ಅಡಿಗಲ್ಲಿನ ಮೇಲೆ ಬರುತ್ತಿತ್ತು. ಕಳಪೆ ಕೆಲಸವಾಗಿದ್ದರೆ ಅದನ್ನು ಸರಿಮಾಡುವ ಕಷ್ಟ ಮಾಡಿದವರ ಪಾಲಿಗೇ ಬರುತ್ತಿತ್ತು. ಸಾಲದ್ದಕ್ಕೆ ಎರಡೂ ಮನೆಯವರು ಒಂದೇ ಜಾತ್ರೆಯಲ್ಲಿ, ಒಂದೇ ಕೋಲದಲ್ಲಿ ಮುಖ ನೋಡಬೇಕಿತ್ತು.

ಇಂಗ್ಲೆಂಡಿನ ಶೆಫೀಲ್ಡಿನ ಕಥೆ ಬೇರೆ. ಅಲ್ಲಿನ ಚಾಕುಗಳು ದೂರದೂರಿಗೆ ಮಾರಾಟಕ್ಕೆ ಹೋಗುತ್ತಿದ್ದವು. ಕೊಳ್ಳುವವರಿಗೆ ಮಾಡಿದವರ ಪರಿಚಯವಿಲ್ಲ. ಹಾಗಾಗಿ 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಕಸುಬುದಾರರ ಸಂಘವೇ ಹುಟ್ಟಿತು. ಗುಣಮಟ್ಟವನ್ನೂ ಚಾಕುವಿನ ಮೇಲೆ ಒತ್ತುವ ಗುರುತನ್ನೂ ಅದು ನೋಡಿಕೊಂಡಿತು. ಆಮೇಲೆ ಜರ್ಮನಿಯಿಂದ ಅಗ್ಗದ ಚಾಕುಗಳು ಶೆಫೀಲ್ಡಿನ ಸುಳ್ಳು ಮುದ್ರೆ ಹೊತ್ತು ಬಂದವು. ಅಂಥ ಮೋಸ ತಡೆಯಲು ಬ್ರಿಟನ್ 1887ರಲ್ಲಿ ಮತ್ತೊಂದು ಕಾನೂನು ತಂದಿತು. ಮುದ್ರೆಯನ್ನೂ ಕದಿಯಬಹುದು ಎಂದು ಅವರಿಗೆ ಆಗಲೇ ಗೊತ್ತಾಗಿತ್ತು.

ಉಕ್ಕು ಬದಲಾದಾಗ

ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಸೀಮೆಯಲ್ಲಿ ಸಂಚರಿಸಿದವನು. ಅದಕ್ಕೂ ಮೊದಲು ಮೈಸೂರು ಸೀಮೆಯಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸುವುದನ್ನೂ ಉಕ್ಕು ಮಾಡುವುದನ್ನೂ ಆತ ವಿವರವಾಗಿ ಬರೆದಿದ್ದಾನೆ. ಆಗ ಉಕ್ಕು ದುಬಾರಿ. ಮೈಗೆ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು ಕೂಡಿಸುವುದು ಹಳೆಯ ಜಾಣತನ. 19ನೇ ಶತಮಾನದಲ್ಲಿ ಹಡಗಿನಲ್ಲಿ ಬಂದ ಇಂಗ್ಲೆಂಡಿನ ಅಗ್ಗದ ಕಬ್ಬಿಣದ ಎದುರು ಇದ್ದಿಲಿನ ಒಲೆಗಳು ಆರಿದವು. ಲಾರಿ, ಜೀಪು ಬಂದ ಮೇಲೆ ಅವುಗಳ ಹಳೆಯ ಸ್ಪ್ರಿಂಗ್ ಪ್ಲೇಟು ಗುಜರಿ ಅಂಗಡಿಯಿಂದ ಕುಲುಮೆಗೆ ಬಂತು.

ಮೋಸಕ್ಕೆ ದಾರಿಯಾಗುವುದು ಇಲ್ಲಿಯೇ. ಪ್ಲೇಟಿನಲ್ಲಿ ಇಂಗಾಲ ಸುಮಾರು 0.6 ಶೇಕಡಾ ಇರುತ್ತದೆ. ಕೆಂಪಗೆ ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತದೆ. ಕಿಟಕಿಯ ಸರಳಿಗೆ ಬಳಸುವ ಸಾದಾ ಕಬ್ಬಿಣದಲ್ಲಿ ಇಂಗಾಲ ಸುಮಾರು 0.2 ಶೇಕಡಾ ಅಥವಾ ಇನ್ನೂ ಕಡಿಮೆ. ಎಷ್ಟು ಅದ್ದಿದರೂ ಅದರ ಬಾಯಿ ನಿಲ್ಲುವುದಿಲ್ಲ. ಆದರೆ ಗ್ರೈಂಡರ್ ಹಿಡಿದು ಪಾಲಿಶ್ ಕೊಟ್ಟರೆ ಎರಡೂ ಒಂದೇ ಹಾಗೆ ಕಾಣುತ್ತವೆ.

ಕೇಳಬೇಕಾದ ಪ್ರಶ್ನೆಗಳು

"ಆಚಾರ್ರೇ, ಯಾವ ಕಬ್ಬಿಣ ಹಾಕ್ತೀರಿ?" ಎಂದು ಕೇಳಿ. ಸಂಶಯವಿದ್ದರೆ ನೀವೇ ಪ್ಲೇಟು ಕೊಂಡುಹೋಗಿ ಕೊಡಬಹುದು. ಸಿದ್ಧವಾದ ಕತ್ತಿಯ ಬಾಯಿಗೆ ಅರ ಹಾಕಿ ನೋಡಿ. ಹದ ಬಿದ್ದಿದ್ದರೆ ಅರ ಸುಲಭಕ್ಕೆ ಕಚ್ಚುವುದಿಲ್ಲ, ಮೆದು ಕಬ್ಬಿಣವಾದರೆ ಸಲೀಸಾಗಿ ತಿನ್ನುತ್ತದೆ. ಅದ್ದಿದ ಮೇಲೆ ಮತ್ತೆ ಹಗುರವಾಗಿ ಕಾಯಿಸುತ್ತಾರಾ ಎಂದೂ ಕೇಳಿ. ಹಾಗೆ ಮಾಡದಿದ್ದರೆ ಗಂಟು ಕಡಿಯುವಾಗ ಬಾಯಿ ಚಕ್ಕೆ ಏಳುತ್ತದೆ. ಹಿಡಿಯೊಳಗೆ ಕಬ್ಬಿಣ ಎಷ್ಟು ಉದ್ದ ಹೋಗಿದೆ ಎಂಬುದನ್ನೂ ನೋಡಿ.

ಆಚಾರಿಯೂ ನಿಮ್ಮನ್ನು ಕೇಳಬೇಕು. ಯಾವ ಕೆಲಸಕ್ಕೆ, ಎಡಗೈಯವರಾ, ಎಷ್ಟು ಭಾರ ಬೇಕು? 1959ರ ಆಯುಧ ಕಾಯ್ದೆಯ ನಿಯಮದಂತೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಸೇರುತ್ತದೆ. ಮನೆ ಬಳಕೆಗೆ, ಕೃಷಿಗೆಂದೇ ಮಾಡಿದ್ದಕ್ಕೆ ವಿನಾಯಿತಿ ಇದೆ. ಕೆಲಸ ಏನೆಂದು ಕೇಳದೆ ಹೇಳಿದ ಉದ್ದಕ್ಕೆ ತಲವಾರು ಬಡಿದುಕೊಡುವವರು ನಂಬಿಕೆಗೆ ಅರ್ಹರಲ್ಲ.

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: "ಬಾಯಿ ಹೋದರೆ ಮುಂದಿನ ವರ್ಷ ಸರಿಮಾಡಿ ಕೊಡ್ತೀರಾ?" ಸಂತೆಯಲ್ಲಿ ಮಾರಿ ಹೋಗುವವರು ಇದಕ್ಕೆ ಹೂಂ ಅನ್ನಲಾರರು, ಊರಲ್ಲೇ ಕುಲುಮೆ ಇರುವವರು ಅನ್ನಬಲ್ಲರು.

ಆದರೆ ಅವರು ಉಳಿಯಬೇಕಾದರೆ ನಮ್ಮ ಕಡೆಯಿಂದಲೂ ಪ್ರಾಮಾಣಿಕತೆ ಬೇಕು. ಗೆರಟೆ ಇದ್ದಿಲಿಗೂ ಪ್ಲೇಟಿಗೂ ದುಡ್ಡು ಬೇಕು, ಅರ್ಧ ದಿನ ಸುತ್ತಿಗೆ ಎತ್ತಿದ ಕೈಗೂ ಕೂಲಿ ಬೇಕು. ಹಿಂದೆ ಊರು ಸುಗ್ಗಿಯಲ್ಲಿ ಅದನ್ನು ಅಳೆದು ಕೊಡುತ್ತಿತ್ತು. ಈಗ ಸಂತೆಯ ಕತ್ತಿಯ ದರ ಹೇಳಿ ಚೌಕಾಸಿ ಮಾಡಿದರೆ ಕುಲುಮೆ ಬಾಗಿಲು ಹಾಕುತ್ತದೆ. ನಿಮ್ಮೂರಲ್ಲಿ ಇನ್ನೂ ತಿದಿಯೋ ಬ್ಲೋವರೋ ಊದುತ್ತಿದ್ದರೆ ಈ ಬಾರಿ ಮಳೆಗಾಲಕ್ಕೆ ಮೊದಲೇ ಹಳೆ ಕತ್ತಿ ಹಿಡಿದು ಹೋಗಿ, ಹದ ಮಾಡಿಸಿ, ಕೇಳಿದ ಕೂಲಿ ಕೊಟ್ಟು ಬನ್ನಿ.