ಬೆನ್ನಿನ ಸ್ನಾಯು ಹೃದಯಕ್ಕೆ ಹೆಗಲು ಕೊಟ್ಟಾಗ

ಶಹಾಬಾದಿನ ಫರ್ಸಿ ಗಣಿಗಳಲ್ಲಿ ಹಾರೆ ಹಾಕಿ ಕಲ್ಲೆಬ್ಬಿಸುವವರ ಬೆನ್ನಿನಲ್ಲಿ, ಕಂಕುಳದಿಂದ ಸೊಂಟದವರೆಗೆ ಬೀಸಣಿಗೆಯಂತೆ ಹರಡಿದ ಸ್ನಾಯುವೊಂದು ಎದ್ದು ಕಾಣುತ್ತದೆ. ಚಿಂಚೋಳಿಯವನಾದ ನನಗೆ ಅದು ದುಡಿಮೆಯ ಗುರುತು. ವೈದ್ಯರಿಗೆ ಲ್ಯಾಟಿಸಿಮಸ್ ಡಾರ್ಸಿ. ಈ ಸ್ನಾಯುವನ್ನು ಸೋತ ಹೃದಯಕ್ಕೆ ಸುತ್ತುತ್ತಿದ್ದ ಕಾಲವೊಂದಿತ್ತು ಎಂದು ಓದಿದಾಗ ನನಗೆ ಬಂದ ಮೊದಲ ಪ್ರಶ್ನೆ: ಅದು ದಣಿಯುವುದಿಲ್ಲವೇ?

ದಣಿಯುತ್ತದೆ. ಕಲ್ಲೆತ್ತಿದವನು ನಡುನಡುವೆ ಕೂತು ಬೀಡಿ ಹಚ್ಚುತ್ತಾನೆ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಹೃದಯಕ್ಕೆ ಆ ಬಿಡುವಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಏಡ್ರಿಯನ್ ಕ್ಯಾಂಟ್ರೊವಿಟ್ಜ್ ನಾಯಿಗಳ ವಪೆಯನ್ನು ಮಹಾಧಮನಿಗೆ ಸುತ್ತಿ ವಿದ್ಯುತ್ತಿನಿಂದ ಕುಣಿಸಿದರು. ಸ್ನಾಯು ಬೇಗ ಸೋತಿತು.

ದಾರಿ ತೆರೆದದ್ದು ಶಸ್ತ್ರವೈದ್ಯರಲ್ಲ. 1969ರಲ್ಲಿ ಸ್ಟ್ಯಾನ್ಲಿ ಸಾಲ್ಮನ್ಸ್ ಮತ್ತು ಗೆರ್ಟಾ ವರ್ಬೊವಾ ಮೊಲಗಳ ಕಾಲಿನ ಸ್ನಾಯುವಿಗೆ ವಾರಗಟ್ಟಲೆ ಮೆಲ್ಲಗೆ ವಿದ್ಯುತ್ ಮಿಡಿತ ಕೊಟ್ಟರು. ಚುರುಕಾಗಿ ಸೆಳೆಯುವ ಸ್ನಾಯು ನಿಧಾನದ ಸ್ನಾಯುವಿನ ಗುಣ ಪಡೆಯಿತು. ಇಂಥ ಸ್ನಾಯು ದಣಿಯುವುದೂ ಕಡಿಮೆ ಎಂಬುದು ಮುಂದೆ ಖಚಿತವಾಯಿತು. ಸ್ನಾಯುವಿನ ಸ್ವಭಾವವನ್ನೇ ಪಳಗಿಸಬಹುದು ಎಂಬ ಈ ಮಾತು, ನನ್ನ ಲೆಕ್ಕದಲ್ಲಿ, ಮುಂದಿನ ಶಸ್ತ್ರಕ್ರಿಯೆಗಿಂತ ದೊಡ್ಡದು.

1985ರ ಜನವರಿಯಲ್ಲಿ ಪ್ಯಾರಿಸ್ಸಿನ ಅಲೈನ್ ಕಾರ್ಪಾಂಟಿಯೆ ಮತ್ತು ಹುವಾನ್ ಕಾರ್ಲೋಸ್ ಚಾಚ್ಕೆಸ್, ಹೃದಯದಲ್ಲಿ ಗಡ್ಡೆಯಿದ್ದ 37 ವರ್ಷದ ಮಹಿಳೆಗೆ ಇದನ್ನು ಯಶಸ್ವಿಯಾಗಿ ಮಾಡಿದರು. ಮುಂದೆ ರೂಢಿಗೆ ಬಂದ ವಿಧಾನ ಹೀಗೆ: ನರ, ರಕ್ತನಾಳ ಕಡಿಯದಂತೆ ಎಡಬೆನ್ನಿನ ಸ್ನಾಯುವನ್ನು ಬಿಡಿಸಿ, ಪಕ್ಕೆಲುಬಿನ ತುಂಡು ತೆಗೆದ ಕಿಂಡಿಯಿಂದ ಎದೆಯೊಳಗೆ ಇಳಿಸಿ ಹೃದಯಕ್ಕೆ ಸುತ್ತುವುದು, ಹೃದಯದ ಬಡಿತ ಗುರುತಿಸಿ ಸ್ನಾಯುವಿಗೆ ಮಿಡಿತ ಕಳಿಸುವ ಯಂತ್ರವನ್ನು ಒಳಗೆ ಇರಿಸುವುದು. ಮೊದಲ ಎರಡು ವಾರ ಗಾಯ ಮಾಗಲು ಬಿಟ್ಟು, ಆಮೇಲೆ ಹೊಸ ಎತ್ತಿಗೆ ನೊಗ ಹೊರಿಸಿದಂತೆ ಸ್ವಲ್ಪಸ್ವಲ್ಪವಾಗಿ ದುಡಿಸುತ್ತಿದ್ದರು. ಒಟ್ಟು ಸುಮಾರು ಎರಡು ತಿಂಗಳು.

ತೊಡಕಿದ್ದದ್ದು ಆ ಎರಡು ತಿಂಗಳಲ್ಲೇ. ತೀರಾ ಕುಸಿದ ಹೃದಯ ಅಷ್ಟು ಕಾಯುವುದಿಲ್ಲ. ಕಾಯಬಲ್ಲ ರೋಗಿಗೆ ಒಳ್ಳೆಯ ಔಷಧಿಗಳು ಬರತೊಡಗಿದ್ದವು. ಅತ್ತ ಹೃದಯ ಕಸಿಗೆ ದಾನಿಗಳು ವಿರಳ. ಭಾರತದಲ್ಲಿ ಮೊದಲ ಯಶಸ್ವಿ ಕಸಿ ದೆಹಲಿಯ ಏಮ್ಸ್‌ನಲ್ಲಿ ನಡೆದದ್ದೇ 1994ರ ಆಗಸ್ಟ್‌ನಲ್ಲಿ. ಸ್ನಾಯು ಸುತ್ತಿಸಿಕೊಂಡ ಹಲವರು ಮೊದಲಿಗಿಂತ ಹಗುರಾಗಿ ನಡೆದಾಡಿದರು. ಆದರೆ ಅಳೆದಾಗ ಹೃದಯ ಹೊರದೂಡುವ ರಕ್ತ ಅಷ್ಟಾಗಿ ಹೆಚ್ಚಿರಲಿಲ್ಲ, ಆಯುಸ್ಸು ಹೆಚ್ಚುವುದೂ ಸಾಬೀತಾಗಲಿಲ್ಲ. ಅಮೆರಿಕದ ದೊಡ್ಡ ಪರೀಕ್ಷೆ ಅರ್ಧಕ್ಕೇ ನಿಂತಿತು.

ಹಾಗಾದರೆ ರೋಗಿಗಳಿಗೆ ಹಗುರಾದದ್ದು ಯಾವುದರಿಂದ? ಸ್ನಾಯು ಹಿಂಡಿದ್ದಕ್ಕಿಂತ, ನಡುಕಟ್ಟಿನಂತೆ ಬಿಗಿದು ಹೃದಯ ಇನ್ನಷ್ಟು ಹಿಗ್ಗದಂತೆ ತಡೆದದ್ದೇ ಕಾರಣವಿರಬಹುದೆಂದು ಕೆಲವರು ಊಹಿಸಿದರು. ಆ ಊಹೆಯ ಬೆನ್ನು ಹಿಡಿದವರು ಮುಂದೆ ಸ್ನಾಯುವನ್ನೂ ವಿದ್ಯುತ್ತನ್ನೂ ಬಿಟ್ಟು, ಹೃದಯಕ್ಕೆ ಬರೀ ಒಂದು ಬಲೆಚೀಲ ತೊಡಿಸಿ ನೋಡಿದರು.