ಕ್ರೂಗರ್ ರಾಷ್ಟ್ರೀಯ ಉದ್ಯಾನ: ಪ್ರವಾಸದ ಇತಿಹಾಸ

ದಕ್ಷಿಣ ಆಫ್ರಿಕಾದ ಈಶಾನ್ಯದಲ್ಲಿ, ಮೊಜಾಂಬಿಕ್ ಗಡಿಯುದ್ದಕ್ಕೂ ಹರಡಿರುವ ಸುಮಾರು 19,500 ಚದರ ಕಿ.ಮೀ. ವಿಸ್ತಾರದ ವನ್ಯಜೀವಿ ತಾಣ. ಮಿತಿಮೀರಿದ ಬೇಟೆಯಿಂದ ಪ್ರಾಣಿಗಳು ಕ್ಷೀಣಿಸಿದಾಗ, ಟ್ರಾನ್ಸ್‌ವಾಲ್ ಗಣರಾಜ್ಯದ ಅಧ್ಯಕ್ಷ ಪಾಲ್ ಕ್ರೂಗರ್ 1898ರಲ್ಲಿ ಸಾಬಿ ಮತ್ತು ಕ್ರೊಕೊಡೈಲ್ ನದಿಗಳ ನಡುವಣ ನೆಲವನ್ನು ಮೀಸಲು ಎಂದು ಘೋಷಿಸಿದ. ಬೋಯರ್ ಯುದ್ಧ ಮುಗಿದ ಮೇಲೆ, 1902ರಲ್ಲಿ ಸ್ಕಾಟ್ಲೆಂಡ್ ಮೂಲದ ಸೇನಾಧಿಕಾರಿ ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್ ಇದರ ಮೇಲ್ವಿಚಾರಕನಾಗಿ ಬಂದು 1946ರವರೆಗೂ ಉಳಿದ. ಸ್ಥಳೀಯರು ಅವನಿಗಿಟ್ಟ ಸ್ಕುಕುಜಾ ಎಂಬ ಹೆಸರೇ ಇಂದು ಉದ್ಯಾನದ ಅತಿದೊಡ್ಡ ಶಿಬಿರದ ಹೆಸರು. ಮೀಸಲಿನೊಳಗೆ ವಾಸವಿದ್ದವರನ್ನು ಒಕ್ಕಲೆಬ್ಬಿಸಿದ್ದೂ ಅವನ ಆಡಳಿತವೇ.

ಕುರಿಗಾಹಿಗಳು, ರೈತರು, ಗಣಿಗಾರರು ಈ ನೆಲದ ಮೇಲೆ ಕಣ್ಣಿಟ್ಟಿದ್ದ ಕಾಲದಲ್ಲಿ ಮೀಸಲಿನ ನೆರವಿಗೆ ಬಂದದ್ದು ರೈಲು ಎನ್ನಬೇಕು. 1923ರಲ್ಲಿ ರೈಲ್ವೆ ಇಲಾಖೆ ಒಂಬತ್ತು ದಿನಗಳ ಪ್ರವಾಸವೊಂದನ್ನು ಆರಂಭಿಸಿತು. ಅದರ ದಾರಿ ಈ ಕಾಡಿನ ನಡುವೆ ಹಾದುಹೋಗುತ್ತಿತ್ತು. ಮೊದಲಿಗೆ ಯಾರೂ ಮಹತ್ವ ಕೊಡದ ಈ ನಿಲುಗಡೆಯೇ ಪ್ರವಾಸಿಗರಿಗೆ ಎಲ್ಲಕ್ಕಿಂತ ಇಷ್ಟವಾಯಿತು. ನೋಡಲು ಬಂದವರೇ ಕಾಡಿನ ಪರ ಮಾತಾಡುತ್ತಾರೆಂಬುದನ್ನು ಸ್ಟೀವನ್‌ಸನ್-ಹ್ಯಾಮಿಲ್ಟನ್ ಬೇಗ ಗ್ರಹಿಸಿದ. 1926ರ ಕಾಯ್ದೆಯಿಂದ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಕ್ರೂಗರ್‌ನ ಹೆಸರಿಟ್ಟದ್ದರಿಂದ ಆಫ್ರಿಕಾನರ್ ರಾಜಕಾರಣಿಗಳ ಬೆಂಬಲ ಸುಲಭವಾಗಿ ಸಿಕ್ಕಿತು, ಚತುರ ನಡೆಯೇ ಸರಿ.

ಕಾರುಗಳಿಗೆ ಪ್ರವೇಶ ದೊರೆತ 1927ರಲ್ಲಿ ಬಂದವು ಮೂರೇ. ಮರುವರ್ಷ 180, ಅದರ ಮುಂದಿನ ವರ್ಷ 850. ಮಳೆಗಾಲದ ಕೆಸರು ಮತ್ತು ಮಲೇರಿಯಾದ ಕಾರಣ ಉದ್ಯಾನದ ಬಹುಭಾಗ ಚಳಿಗಾಲದಲ್ಲಷ್ಟೇ ತೆರೆದಿರುತ್ತಿತ್ತು. ಈಗ ವರ್ಷವಿಡೀ ತೆರೆದಿದ್ದರೂ ಹೊರಡುವವರ ಲೆಕ್ಕಾಚಾರ ಹೆಚ್ಚೇನೂ ಬದಲಾಗಿಲ್ಲ. ಮೇ–ಸೆಪ್ಟೆಂಬರ್ ನಡುವೆ ಹುಲ್ಲು ಒಣಗಿ ನೋಟ ತೆರೆದುಕೊಳ್ಳುತ್ತದೆ, ಪ್ರಾಣಿಗಳು ನೀರಿನ ತಾಣಗಳಿಗೆ ಬರುತ್ತವೆ, ಸೊಳ್ಳೆಯೂ ಕಡಿಮೆ. ಆದರೂ ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು. ಶಾಲಾ ರಜೆಯ ವಾರಗಳಲ್ಲಿ ಶಿಬಿರದ ಕೊಠಡಿಗಳು ಬಹಳ ಮುಂಚೆಯೇ ಭರ್ತಿಯಾಗುತ್ತವೆ. ಬಂಡೀಪುರದಲ್ಲಿ ಸಫಾರಿಯೆಂದರೆ ನಿಗದಿತ ವಾಹನ ಹತ್ತಬೇಕು. ಇಲ್ಲಿ ಸ್ವಂತ ಅಥವಾ ಬಾಡಿಗೆ ಕಾರನ್ನು ತಾವೇ ಓಡಿಸಬಹುದು. ವೇಗದ ಮಿತಿ ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನ ದಾರಿಯಲ್ಲಿ 40. ಗೊತ್ತುಪಡಿಸಿದ ಜಾಗಗಳಲ್ಲಲ್ಲದೆ ಕೆಳಗಿಳಿಯುವಂತಿಲ್ಲ. ಶಿಬಿರದ ಬಾಗಿಲು ಮುಚ್ಚುವ ಮುನ್ನ ಒಳಗಿರಬೇಕು. ದೂರಗಳನ್ನು ನಕಾಶೆಯಲ್ಲಿ ನೋಡಿ ಹಗುರವಾಗಿ ಅಂದಾಜಿಸುವವರು ಎಡವುವುದು ಈ ಕೊನೆಯ ನಿಯಮದಲ್ಲೇ.

ವರ್ಣಭೇದದ ಕಾಲದಲ್ಲಿ ಶಿಬಿರದ ಸೌಕರ್ಯಗಳೂ ಬಣ್ಣ ನೋಡಿ ಹಂಚಿಕೆಯಾಗಿದ್ದವು. ಉತ್ತರದ ತುದಿಯಲ್ಲಿದ್ದ ಮಕುಲೆಕೆ ಸಮುದಾಯವನ್ನು 1969ರಲ್ಲಿ ಬಲವಂತವಾಗಿ ತೆರವುಗೊಳಿಸಿ ಆ ಭೂಮಿಯನ್ನು ಉದ್ಯಾನಕ್ಕೆ ಸೇರಿಸಲಾಯಿತು. 1998ರಲ್ಲಿ ಒಡೆತನ ಅವರಿಗೆ ಮರಳಿತು. ಅವರು ಅಲ್ಲಿ ಮತ್ತೆ ಊರು ಕಟ್ಟಲಿಲ್ಲ. ನೆಲವನ್ನು ಉದ್ಯಾನದ ಭಾಗವಾಗಿಯೇ ಉಳಿಸಿಕೊಂಡು, ಪ್ರವಾಸಿ ವಸತಿಗಳಿಂದ ಬರುವ ಆದಾಯದಲ್ಲಿ ಪಾಲು ಪಡೆಯುತ್ತಿದ್ದಾರೆ.